ಇಲಿ ಬಿದ್ದ ಮನೆ: 1897ರ ಪುಣೆ, 1898ರ ಹುಬ್ಬಳ್ಳಿ



ಶಿವಾಜಿನಗರದಿಂದ ಔಂಧ್ ಕಡೆಗೆ ಹೋಗುವಾಗ ಗಣೇಶಖಿಂಡ ರಸ್ತೆಯ ತುದಿಯಲ್ಲಿ ಸಿಗುವ ವಿಶ್ವವಿದ್ಯಾಲಯದ ಹಳೆಯ ಕಟ್ಟಡವನ್ನು ನೀವೆಲ್ಲ ನೋಡಿರುತ್ತೀರಿ. ಎತ್ತರದ ಗೋಪುರ, ಎದುರಿಗೆ ಹುಲ್ಲುಹಾಸು, ಹಿಂದೆ ದೊಡ್ಡ ದೊಡ್ಡ ಮರಗಳು. ಇಂಗ್ಲಿಷರ ಕಾಲದಲ್ಲಿ ಇದು ಮುಂಬಯಿ ಗವರ್ನರರ ಮಳೆಗಾಲದ ಬಂಗಲೆ. 1897ರ ಜೂನ್ 22ರ ರಾತ್ರಿ ಇಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ಸಂಭ್ರಮ ನಡೆದಿತ್ತು. ಊಟ, ಬಾಣಬಿರುಸು ಮುಗಿಸಿ ಗಾಡಿಯಲ್ಲಿ ಹಿಂತಿರುಗುತ್ತಿದ್ದ ಡಬ್ಲ್ಯು. ಸಿ. ರ್‍ಯಾಂಡ್ ಎಂಬ ಅಧಿಕಾರಿಯ ಮೇಲೆ ದಾಮೋದರ ಚಾಪೇಕರ್ ಗುಂಡು ಹಾರಿಸಿದ್ದು ಇದೇ ರಸ್ತೆಯಲ್ಲಿ. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಸ್ಥಳದಲ್ಲೇ ಸತ್ತ. ರ್‍ಯಾಂಡ್ ಜುಲೈ 3ರಂದು ಪ್ರಾಣಬಿಟ್ಟ.

ಅದೇ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರಿಟ್ಟರು. ಸಾವಿತ್ರಿಬಾಯಿ ತೀರಿಕೊಂಡದ್ದೂ 1897ರಲ್ಲೇ, ಮಾರ್ಚ್ 10ರಂದು. ರ್‍ಯಾಂಡ್ ಪುಣೆಗೆ ಬಂದದ್ದು ಪ್ಲೇಗಿನ ಕಾರಣಕ್ಕೆ, ಸಾವಿತ್ರಿಬಾಯಿ ಸತ್ತದ್ದು ಪ್ಲೇಗಿನಿಂದ. ಒಂದೇ ಊರು, ಒಂದೇ ರೋಗ, ಒಂದೇ ವರ್ಷ. ಇಬ್ಬರೂ ರೋಗಿಗಳನ್ನು ಆಸ್ಪತ್ರೆಗೆ ಸೇರಿಸುವ ಕೆಲಸದಲ್ಲಿದ್ದವರು. ಹೇಗೆ ಸೇರಿಸಿದರು ಎಂಬುದರಲ್ಲಿ ಆಕಾಶಭೂಮಿಯ ಅಂತರವಿತ್ತು.

ಚಾಪೇಕರ್ ಸಹೋದರರ ಕಥೆ ಪುಣೆಯ ಮಕ್ಕಳಿಗೆಲ್ಲ ಗೊತ್ತು, ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಈ ಸಲ ಹೇಳಹೊರಟದ್ದು ಅಷ್ಟಾಗಿ ಯಾರೂ ಕೇಳದ ಒಂದು ಪ್ರಶ್ನೆ. ಪ್ಲೇಗಿನ ವಿಷಯದಲ್ಲಿ ನಮ್ಮ ಹಳ್ಳಿಯ ಜನಕ್ಕೆ ಮೊದಲೇ ಗೊತ್ತಿದ್ದ ಒಂದು ಸಂಗತಿಯನ್ನು ಸರ್ಕಾರದ ವೈದ್ಯರು ಯಾಕೆ ಕಿವಿಗೆ ಹಾಕಿಕೊಳ್ಳಲಿಲ್ಲ? ಹಾಕಿಕೊಳ್ಳುವುದಕ್ಕೆ ಎಷ್ಟು ವರ್ಷ ಬೇಕಾಯಿತು?

ಆ ಸಂಗತಿ ನಾಲ್ಕು ಮಾತಿನದು. ಇಲಿ ಬಿದ್ದರೆ ಮನೆ ಬಿಡು.

ನಮ್ಮ ಕಡೆಯ ಹಿರಿಯರು 'ಇಲಿ ಸತ್ತಿತು' ಅನ್ನುತ್ತಿರಲಿಲ್ಲ, 'ಇಲಿ ಬಿತ್ತು' ಅನ್ನುತ್ತಿದ್ದರು. ಅಟ್ಟದಿಂದ, ತೊಲೆಯ ಮೇಲಿಂದ, ನೆಲದ ಬಿಲದಿಂದ ಇಲಿಗಳು ಹಾಡುಹಗಲೇ ಹೊರಬಂದು ಅಮಲೇರಿದಂತೆ ತೂರಾಡಿ ನಡುಮನೆಯಲ್ಲಿ ಬಿದ್ದು ಸಾಯುತ್ತಿದ್ದವು. 'ಕೆಳಗಿನ ಕೇರಿಯಲ್ಲಿ ಇಲಿ ಬಿತ್ತಂತೆ' ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಜನ ಪಾತ್ರೆಪಗಡ, ದನಕರು, ದೇವರ ಪೆಟ್ಟಿಗೆ ಎತ್ತಿಕೊಂಡು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಎರಡು ಮೂರು ತಿಂಗಳು ಅಲ್ಲೇ ಸಂಸಾರ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಈ ಚಿತ್ರ ಮರೆತಿರಲಾರದು. ಭೈರಪ್ಪನವರು ಬಾಲ್ಯದಲ್ಲಿ ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರು.

ಇದು ಕರ್ನಾಟಕದ ಜನರಿಗೆ ಮಾತ್ರ ತಿಳಿದಿದ್ದ ಮಾತೇನೂ ಆಗಿರಲಿಲ್ಲ. ಹಿಮಾಲಯದ ಗಢವಾಲ, ಕುಮಾಂವ್ ಸೀಮೆಯಲ್ಲಿ 'ಮಹಾಮಾರಿ' ಎಂದು ಕರೆಯುತ್ತಿದ್ದ ರೋಗ ಪ್ಲೇಗೇ. ಇಲಿ ಸತ್ತರೆ ಅಲ್ಲಿಯ ಜನ ಮನೆ ಬಿಟ್ಟು ಕಾಡಿಗೆ ಹೋಗುತ್ತಾರೆಂದು 1850ರ ದಶಕದಲ್ಲೇ ಇಂಗ್ಲಿಷ್ ವೈದ್ಯರು ವರದಿ ಬರೆದಿದ್ದರು. ಅದಕ್ಕೂ ಹಿಂದೆ, ಆಗ್ರಾದಲ್ಲಿ ರೋಗ ಹರಡಿದ್ದಾಗ ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಒಂದು ಸ್ವಾರಸ್ಯದ ಪ್ರಸಂಗ ಬರೆದಿಟ್ಟಿದ್ದಾನೆ. ಆಸಫ್ ಖಾನನ ಮಗಳು ಹೇಳಿದ್ದಂತೆ. ಅಂಗಳಕ್ಕೆ ಇಲಿಯೊಂದು ಕುಡಿದವರಂತೆ ತೂರಾಡುತ್ತ ಬಂತು, ಬೆಕ್ಕು ಅದನ್ನು ಬಾಯಲ್ಲಿ ಕಚ್ಚಿ ಅಸಹ್ಯಪಟ್ಟು ಬಿಟ್ಟುಬಿಟ್ಟಿತು, ಮೊದಲು ಬೆಕ್ಕಿಗೆ ಕಾಯಿಲೆಯಾಯಿತು, ಆಮೇಲೆ ಮನೆಯ ದಾಸಿಯರಿಗೆ ಗಂಟು ಎದ್ದಿತು. ಹೆಂಗಸೊಬ್ಬಳು ಕಣ್ಣಾರೆ ಕಂಡದ್ದನ್ನು ಬಾದಶಹ ಸಂಕೋಚವಿಲ್ಲದೆ ದಾಖಲಿಸಿದ. ಆ ಮಟ್ಟಿಗೆ ಅವನು ಒಳ್ಳೆಯ ವರದಿಗಾರ.

ಈಗ ನಮಗೆ ಕಾರಣ ಗೊತ್ತು. ಪ್ಲೇಗು ಮೊದಲು ಇಲಿಯ ರೋಗ. ರೋಗಾಣು ಇಲಿಯಿಂದ ಇಲಿಗೆ ಹೋಗುವುದು ಅದರ ಮೈಮೇಲಿನ ಚಿಗಟದ ಮೂಲಕ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಹೊರಡುತ್ತದೆ. ಬೇರೆ ಇಲಿ ಸಿಗದಿದ್ದರೆ ಹಸಿವಿಗೆ ಮನುಷ್ಯನನ್ನೇ ಕಚ್ಚುತ್ತದೆ. ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಏಳುತ್ತದೆ, ಜ್ವರ ಏರುತ್ತದೆ, ಆ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು. ಇಲಿ ಬೀಳುವುದಕ್ಕೂ ಮನೆಯವರಿಗೆ ರೋಗ ತಗಲುವುದಕ್ಕೂ ನಡುವೆ ಕೆಲವು ದಿನಗಳ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಮನೆ ಬಿಟ್ಟವನು ಬದುಕಿದ. ಚಿಗಟದ ಲೆಕ್ಕ ಜನಕ್ಕೆ ಗೊತ್ತಿರಲಿಲ್ಲ, ದಿನಗಳ ಲೆಕ್ಕ ಗೊತ್ತಿತ್ತು.

ಇನ್ನು ಸರ್ಕಾರದ ಕಡೆಗೆ ಬರೋಣ. 1894ರಲ್ಲಿ ಹಾಂಕಾಂಗಿನಲ್ಲಿ ಪ್ಲೇಗು ಹಬ್ಬಿದಾಗ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದ. ಸತ್ತ ಇಲಿಗಳಲ್ಲೂ ಅದೇ ರೋಗಾಣು ಇದೆಯೆಂದು ತೋರಿಸಿದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರು ಕೇರಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಸ್ ಮೊದಲ ರೋಗಿಗಳನ್ನು ಗುರುತಿಸಿದರು. ಇಲಿಯ ಸುಳಿವು ಆಗಲೇ ಕೈಯಲ್ಲಿತ್ತು. ಆದರೂ ಬಹುಪಾಲು ಅಧಿಕಾರಿಗಳ ತಲೆಯಲ್ಲಿ ಇದ್ದದ್ದು ಬೇರೆ ಚಿತ್ರ: ರೋಗ ಇರುವುದು ಕೊಳಕು ನೆಲದಲ್ಲಿ, ಕತ್ತಲೆ ಮನೆಯಲ್ಲಿ, ಬಟ್ಟೆಬರೆಯಲ್ಲಿ, ಮತ್ತು 'ನೇಟಿವ್' ಮನುಷ್ಯನ ಮೈಯಲ್ಲಿ. ಹಾಗಾಗಿ ಮನುಷ್ಯನನ್ನು ಹಿಡಿಯಬೇಕು, ಮನೆಯನ್ನು ತೊಳೆಯಬೇಕು. ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಸುರಿದರು, ನೆಲ ಅಗೆದರು, ಹೆಂಚು ತೆಗೆಸಿದರು. ಇದರಿಂದ ಬೆದರಿದ ಇಲಿಗಳು ಪಕ್ಕದ ಕೇರಿಗೆ ಓಡಿಹೋಗಿ ರೋಗವನ್ನು ಇನ್ನಷ್ಟು ಹರಡಿರಬೇಕೆಂದು ಇತಿಹಾಸಕಾರರು ಈಗ ಹೇಳುತ್ತಾರೆ.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಎರಡು ಪುಟದ ಕಾಯ್ದೆ. ಅದರ ನಾಲ್ಕನೆಯ ಕಲಮಿನ ಪ್ರಕಾರ ಈ ಕಾಯ್ದೆಯಡಿ ಸದ್ಭಾವನೆಯಿಂದ ಕೆಲಸ ಮಾಡಿದ ಯಾರ ಮೇಲೂ ದಾವೆ ಹೂಡುವಂತಿಲ್ಲ. ಆಮೇಲೆ ಪುಣೆಗೆ ವಿಶೇಷ ಪ್ಲೇಗ್ ಸಮಿತಿ ನೇಮಕವಾಯಿತು. ಸಾತಾರೆಯಲ್ಲಿದ್ದ ರ್‍ಯಾಂಡ್ ಅಧ್ಯಕ್ಷ. ಸದಸ್ಯರಲ್ಲೊಬ್ಬನಾದ ಸರ್ಜನ್ ಕ್ಯಾಪ್ಟನ್ ಬೆವರಿಜ್ ಹಾಂಕಾಂಗಿನ ಪ್ಲೇಗಿನಲ್ಲಿ ಕೆಲಸ ಮಾಡಿ ಬಂದವನು. ಸಮಿತಿಯಲ್ಲಿ ಒಬ್ಬನೇ ಒಬ್ಬ ಭಾರತೀಯನಿರಲಿಲ್ಲ.

ಮಾರ್ಚ್ 13ರಂದು ಮನೆ ತಪಾಸಣೆ ಶುರುವಾಯಿತು. ಎಂಟುನೂರಕ್ಕೂ ಹೆಚ್ಚು ಸೈನಿಕರು, ಅವರಲ್ಲಿ ಡರ್ಹಾಮ್ ಲೈಟ್ ಇನ್‌ಫಂಟ್ರಿಯ ಗೋರಾ ಸಿಪಾಯಿಗಳು. ಪೇಠೆ ಪೇಠೆಗೆ ಸುತ್ತುಗಟ್ಟಿ ಮನೆಗಳಿಗೆ ನುಗ್ಗಿದರು. ಬೂಟುಗಾಲಲ್ಲಿ ಅಡುಗೆಮನೆ, ದೇವರಮನೆ ಹೊಕ್ಕರೆಂದು, ಹೆಂಗಸರನ್ನು ಬೀದಿಗೆ ಕರೆದು ಎಲ್ಲರೆದುರು ಗಂಟು ಇದೆಯೇ ಎಂದು ಮುಟ್ಟಿ ನೋಡಿದರೆಂದು, ಸಾಮಾನು ಸುಟ್ಟರೆಂದು ದೂರುಗಳ ಮಳೆ ಸುರಿಯಿತು. ಟಿಳಕರ 'ಕೇಸರಿ', 'ಮರಾಠಾ' ಪತ್ರಿಕೆಗಳ ತುಂಬ ಇದೇ. ರೋಗಿ ಸಿಕ್ಕರೆ ಆಸ್ಪತ್ರೆಗೆ, ಅವನ ಮನೆಯವರೆಲ್ಲ ಪ್ರತ್ಯೇಕ ಶಿಬಿರಕ್ಕೆ. ಕ್ರಮಕ್ಕೆ ಹೆದರಿದ ಜನ ರೋಗಿಯನ್ನು ಅಟ್ಟದಲ್ಲಿ ಬಚ್ಚಿಟ್ಟರು, ಹೆಣವನ್ನು ಗುಟ್ಟಾಗಿ ಸಾಗಿಸಿದರು. ರೋಗದ ನಿಜವಾದ ಲೆಕ್ಕ ಸರ್ಕಾರಕ್ಕೆ ಸಿಗದೇ ಹೋದದ್ದು ಹೀಗೆ. ಸಂಶೋಧನೆಗೆ ಬೇಕಾದ ಮೊದಲ ಮಾಹಿತಿಯೇ ಭಯದಲ್ಲಿ ಮುಚ್ಚಿಹೋಯಿತು.

ಇಲ್ಲಿ ಒಬ್ಬ ಕನ್ನಡನಾಡಿನ ಹೆಣ್ಣುಮಗಳನ್ನು ನೆನೆಯಬೇಕು. ಪಂಡಿತಾ ರಮಾಬಾಯಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಪುಣೆಯಲ್ಲಿ, ಕೇಡಗಾಂವಿನಲ್ಲಿ ಅವರು ನಡೆಸಿದ ಆಶ್ರಮಗಳು ಎಲ್ಲರಿಗೂ ಗೊತ್ತು. ತಮ್ಮ ಆಶ್ರಮದ ಹುಡುಗಿಯೊಬ್ಬಳನ್ನು ಪ್ಲೇಗ್ ಆಸ್ಪತ್ರೆಗೆ ಒಯ್ದ ಮೇಲೆ ಅವಳಿಗಾದ ಗತಿಯನ್ನು ಕಂಡು 1897ರ ಮೇ ತಿಂಗಳಲ್ಲಿ ಅವರು 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಪತ್ರ ಬರೆದರು. ಆಸ್ಪತ್ರೆಯಲ್ಲಿ, ಶಿಬಿರದಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ ಎಂದು ನೇರವಾಗಿ ಆಪಾದಿಸಿದರು. ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅಲ್ಲಗಳೆದರು, ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಆಗ ಇಂಗ್ಲೆಂಡಿನಲ್ಲಿದ್ದ ಗೋಖಲೆಯವರು ಪುಣೆಯಿಂದ ಬಂದ ಕಾಗದಗಳನ್ನು ನಂಬಿ ಸೈನಿಕರ ದುರ್ವರ್ತನೆಯ ಬಗ್ಗೆ ಅಲ್ಲಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಊರಿಗೆ ಮರಳಿದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ, ಗೋಖಲೆ ಕ್ಷಮೆ ಕೇಳಬೇಕಾಯಿತು. ಕ್ಷಮೆ ಕೇಳಿದ್ದಕ್ಕೆ ಊರವರು ಅವರನ್ನು ಆಡಿಕೊಂಡರು. ಸಾಕ್ಷಿ ಹೇಳದವರನ್ನು ಯಾರೂ ಆಡಿಕೊಳ್ಳಲಿಲ್ಲ. ಮಾನ ಕಳೆದುಕೊಂಡ ಹೆಣ್ಣು ಆ ಕಾಲದಲ್ಲಿ ಬಂದು ಹೇಳುವುದಾದರೂ ಯಾರ ಮುಂದೆ?

ತಪಾಸಣೆ ಶುರುವಾಗುವ ಮೂರು ದಿನ ಮುಂಚೆ ಸಾವಿತ್ರಿಬಾಯಿ ತೀರಿಕೊಂಡಿದ್ದರು. ದತ್ತುಮಗ ಯಶವಂತ ವೈದ್ಯರು. ಹಡಪಸರದ ಬಳಿ ಬಯಲಿನಲ್ಲಿ ಅಮ್ಮ ಮಗ ಸೇರಿ ಪ್ಲೇಗ್ ರೋಗಿಗಳಿಗೆ ದವಾಖಾನೆ ತೆರೆದಿದ್ದರು. ಮುಂಢವೆಯ ಮಹಾರ ಕೇರಿಯಲ್ಲಿ ಪಾಂಡುರಂಗ ಗಾಯಕವಾಡ ಎಂಬ ಹುಡುಗನಿಗೆ ರೋಗ ಬಂದಿದೆಯೆಂದು ತಿಳಿದು ಸಾವಿತ್ರಿಬಾಯಿ ತಾವೇ ಹೋಗಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ದವಾಖಾನೆಗೆ ತಂದರು. ಹುಡುಗ ಬದುಕಿದ, ಅವರಿಗೆ ರೋಗ ತಗಲಿತು. ಅವರಿಗೆ ಆಗ ಅರವತ್ತಾರು ವರ್ಷ. ಪೇಠೆಯ ಮೇಲ್ಜಾತಿಯವರು ಗೋರಾ ಸಿಪಾಯಿ ಮುಟ್ಟಿದನೆಂದು ಮೈಲಿಗೆಯ ಮಾತಾಡುತ್ತಿದ್ದ ತಿಂಗಳಲ್ಲಿ, ಅದೇ ಊರಿನ ಅಂಚಿನಲ್ಲಿ, ಪೇಠೆಯವರೂ ಮುಟ್ಟದ ಮಗುವನ್ನು ಒಬ್ಬ ಹೆಂಗಸು ಬೆನ್ನ ಮೇಲೆ ಹೊತ್ತಳು. ಬಿಳಿಯರ ಅಹಂಕಾರದ ಬಗ್ಗೆ ಬರೆಯುವಾಗ ನಮ್ಮ ಮನೆಯ ಈ ಮಾತನ್ನು ಬಿಟ್ಟುಬಿಟ್ಟರೆ ಅರ್ಧ ಇತಿಹಾಸ ಬರೆದಂತೆ.

ಪುಣೆಯಿಂದ ಪ್ಲೇಗು ರೈಲು ಹತ್ತಿತು. ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಗಾಡಿ ಪುಣೆಯಿಂದ ಮೀರಜ, ಬೆಳಗಾವಿ, ಲೋಂಡಾ, ಧಾರವಾಡ ಹಾದು ಹುಬ್ಬಳ್ಳಿಗೆ ಹೋಗುತ್ತಿತ್ತು. ಇವತ್ತು ನಾವು ಹಬ್ಬಕ್ಕೆ ಊರಿಗೆ ಹೋಗುವ ದಾರಿಯೇ ಅದು. ಆಗ ಈ ಜಿಲ್ಲೆಗಳೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು, ಕಾನೂನೂ ಒಂದೇ. ಧಾನ್ಯದ ಮೂಟೆಗಳ ಜೊತೆ ಇಲಿ, ಇಲಿಯ ಜೊತೆ ಚಿಗಟ. 1897–98ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳು ತತ್ತರಿಸಿದವು. ಹತ್ತಿಯ ವ್ಯಾಪಾರ, ರೈಲ್ವೆ ವರ್ಕ್‌ಶಾಪು ಇದ್ದ, ಸುಮಾರು ಐವತ್ತು ಸಾವಿರ ಜನರ ಹುಬ್ಬಳ್ಳಿ ದೊಡ್ಡ ಪೆಟ್ಟು ತಿಂದಿತು.

ಹುಬ್ಬಳ್ಳಿಯ ಕಥೆ ಪುಣೆಯಂತಾಗಲಿಲ್ಲ. ಯಾಕೆಂದು ತಿಳಿಯಲು ವಾಲ್ಡೆಮರ್ ಹಾಫ್‌ಕಿನ್ ಎಂಬುವನ ಪರಿಚಯ ಬೇಕು. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ರಷ್ಯದಲ್ಲಿ ಯಹೂದಿಗಳಿಗೆ ಇದ್ದ ಅಡ್ಡಿಗಳಿಂದ ದೇಶ ಬಿಟ್ಟು ಪ್ಯಾರಿಸಿನ ಪಾಸ್ತರ್ ಸಂಸ್ಥೆ ಸೇರಿ, ಅಲ್ಲಿಂದ ಭಾರತಕ್ಕೆ ಬಂದವನು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಮೂಲೆಯ ಕೋಣೆಯಲ್ಲಿ ಮೂರು ತಿಂಗಳು ದುಡಿದು ಪ್ಲೇಗಿನ ಚುಚ್ಚುಮದ್ದು ತಯಾರಿಸಿದ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಆ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನ ಕೈದಿಗಳಲ್ಲಿ ಒಪ್ಪಿಕೊಂಡವರಿಗೆ ಕೊಟ್ಟು ಪರೀಕ್ಷೆ ಮಾಡಿದ. ಜೈಲಿನಲ್ಲಿದ್ದವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇವತ್ತಿನ ಯಾವ ನೀತಿಸಮಿತಿಯಾದರೂ ಕೇಳುತ್ತದೆ. ಆಗ ಯಾರೂ ಕೇಳಲಿಲ್ಲ.

ಆದರೆ ಒಂದು ಸಂಗತಿಯನ್ನು ಹಾಫ್‌ಕಿನ್ ಬಹಳ ಬೇಗ ಅರಿತ. ಜನ ಸರ್ಕಾರದ ಡಾಕ್ಟರನ ಮಾತಿಗಿಂತ ತಮ್ಮವರ ಮಾತು ನಂಬುತ್ತಾರೆ. ಮುಂಬಯಿಯ ಖೋಜಾ ಸಮುದಾಯದ ಗುರು ಮೂರನೆಯ ಆಗಾ ಖಾನ್, ಆಗ ಇಪ್ಪತ್ತರ ಹತ್ತಿರದ ತರುಣ, ತನ್ನ ಜನರೆದುರು ತಾನೇ ತೋಳು ಒಡ್ಡಿದ. ಸಾವಿರಾರು ಖೋಜಾಗಳು ಸಾಲುಗಟ್ಟಿದರು. ನಗರ ರಸ್ತೆಯ ಆಗಾ ಖಾನ್ ಅರಮನೆ ಕಟ್ಟಿಸಿದವರು ಇವರೇ ಎಂದರೆ ಪುಣೆಯವರಿಗೆ ಗುರುತು ಹತ್ತುತ್ತದೆ.

ಹುಬ್ಬಳ್ಳಿಯಲ್ಲಿ 1898ರಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯ ಮುಂದೆ ನಿಂತು ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಚುಚ್ಚುಮದ್ದು ಕೊಡಿಸಿದ. ಆ ಹೊತ್ತಿಗೆ ಜಗತ್ತಿನ ಯಾವ ಊರಿನಲ್ಲೂ ಪ್ಲೇಗಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೀಗೆ ನಡೆದಿರಲಿಲ್ಲ. ವೈದ್ಯಕೀಯ ಪುಸ್ತಕಗಳಲ್ಲಿ ಹುಬ್ಬಳ್ಳಿಯ ಹೆಸರು ಬಹಳ ಕಾಲ ಉಳಿಯಿತು. ಧಾರವಾಡದ ಕಡೆ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಕೆಲಸ ಮಾಡಿದರು. ಹೆಂಗಸರ ಮೈ ಮುಟ್ಟಲು ಹೆಂಗಸೇ ಇರಬೇಕೆಂಬ ಸರಳ ಮಾತು ಪುಣೆಯಲ್ಲಿ ಅಷ್ಟೊಂದು ರಂಪವಾದ ಮೇಲೆ ಅಧಿಕಾರಿಗಳ ತಲೆಗೆ ಹೋಯಿತು ಎನ್ನಬಹುದೇನೋ.

ಹುಬ್ಬಳ್ಳಿಯನ್ನು ಸ್ವರ್ಗ ಮಾಡುವುದೂ ಬೇಡ. ಅಲ್ಲೂ ಶಿಬಿರಗಳಿದ್ದವು, ನಿರ್ಬಂಧಗಳಿದ್ದವು. ಚುಚ್ಚಿಸಿಕೊಂಡವನಿಗೆ ಒಂದು ಚೀಟಿ ಸಿಗುತ್ತಿತ್ತು, ಅದನ್ನು ತೋರಿಸಿದರೆ ಪ್ರಯಾಣದಲ್ಲಿ, ಶಿಬಿರವಾಸದಲ್ಲಿ ರಿಯಾಯಿತಿ. ಕೂಲಿಗೆ ಹೋಗಲೇಬೇಕಾದವನಿಗೆ ಆ ಚೀಟಿಯೇ ಅನ್ನದ ಚೀಟಿ. ಹಾಗಾಗಿ ಇದನ್ನು ಪೂರಾ ಸ್ವಇಚ್ಛೆ ಅನ್ನುವುದಕ್ಕೆ ನಾಲಿಗೆ ತಡೆಯುತ್ತದೆ. ಆದರೂ ಕತ್ತು ಹಿಡಿದು ಎಳೆದೊಯ್ಯುವುದಕ್ಕೂ 'ಚುಚ್ಚಿಸಿಕೊಂಡರೆ ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತೇವೆ' ಅನ್ನುವುದಕ್ಕೂ ವ್ಯತ್ಯಾಸವಿದೆ. ಆಮೇಲೆ ಬಂದ ಪ್ಲೇಗ್ ಆಯೋಗ ಹುಬ್ಬಳ್ಳಿಯ ಲೆಕ್ಕ ಇಟ್ಟ ರೀತಿಯಲ್ಲಿ ತಪ್ಪುಗಳನ್ನು ಹುಡುಕಿತು, ಆದರೆ ಚುಚ್ಚುಮದ್ದಿನಿಂದ ರೋಗವೂ ಸಾವೂ ಕಡಿಮೆಯಾದದ್ದನ್ನು ಒಪ್ಪಿಕೊಂಡಿತು.

ಈ ಆಯೋಗದ ಬಗ್ಗೆ ಇನ್ನೂ ಒಂದು ಮಾತಿದೆ. 1898–99ರಲ್ಲಿ ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ಅಧ್ಯಕ್ಷತೆಯಲ್ಲಿ 'ಇಂಡಿಯನ್ ಪ್ಲೇಗ್ ಕಮಿಷನ್' ದೇಶ ಸುತ್ತಿ ನೂರಾರು ಜನರ ಸಾಕ್ಷ್ಯ ಪಡೆಯಿತು. ಅದೇ 1898ರ ಜೂನ್ 2ರಂದು ಕರಾಚಿಯ ಒಂದು ಹೋಟೆಲಿನಲ್ಲಿ ಪಾಲ್-ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯ, ಗಾಜಿನ ಜಾಡಿಯಲ್ಲಿ ರೋಗದ ಇಲಿಯನ್ನೂ ಆರೋಗ್ಯದ ಇಲಿಯನ್ನೂ ತಂತಿಬಲೆಯ ಅಂತರದಲ್ಲಿಟ್ಟು, ಚಿಗಟವೇ ರೋಗ ಸಾಗಿಸುತ್ತದೆಂದು ತೋರಿಸಿದ್ದ. ಸಿಮೊನ್ ಹಳ್ಳಿ, ಕಾರ್ಖಾನೆ ಸುತ್ತಿ ಜನರನ್ನು ಮಾತಾಡಿಸಿದವನು. ಉಣ್ಣೆಯ ಕಾರ್ಖಾನೆಯೊಂದರಲ್ಲಿ ಬೆಳಿಗ್ಗೆ ರಾಶಿ ಸತ್ತ ಇಲಿಗಳನ್ನು ಗುಡಿಸಲು ಇಪ್ಪತ್ತು ಆಳುಗಳನ್ನು ಹಚ್ಚಿದರು, ಮೂರು ದಿನದಲ್ಲಿ ಅವರಲ್ಲಿ ಹತ್ತು ಮಂದಿಗೆ ಪ್ಲೇಗು ಬಂತು, ಬೇರೆ ಕೆಲಸಗಾರರಿಗೆ ಬರಲಿಲ್ಲ ಎಂಬ ಸಂಗತಿ ಅವನಿಗೆ ದಾರಿ ತೋರಿತು. ಆಯೋಗ ಸಿಮೊನ್‌ನ ವಾದವನ್ನು ತಳ್ಳಿಹಾಕಿತು. ಇಲಿ ಬಿದ್ದರೆ ಮನೆ ಬಿಡುವ ಜನರ ರೂಢಿ ಆಯೋಗದ ಮುಂದೆ ಬಂದಿತ್ತು. ಅದನ್ನು ಅವರು 'ರೂಢಿ' ಎಂದು ಬರೆದುಕೊಂಡರು, 'ಸಾಕ್ಷ್ಯ' ಎಂದು ತೂಗಲಿಲ್ಲ.

1903ರಲ್ಲಿ ಮುಂಬಯಿಯ ಚಾಳೊಂದರಲ್ಲಿ ಮೊದಲು ಇಲಿ ಬಿತ್ತು. ಆಮೇಲೆ ಚಿಗಟದ ಕಾಟ ತಡೆಯಲಾರದೆ ಜನ ಕೋಣೆ ಬಿಟ್ಟು ವರಾಂಡದಲ್ಲಿ ಮಲಗತೊಡಗಿದರು. ಗ್ಲೆನ್ ಲಿಸ್ಟನ್ ಎಂಬ ವೈದ್ಯ ಅವರ ದೂರನ್ನು ಕೇಳಿ, ನಗದೆ, ಅವರ ಮೈಮೇಲಿನ ಚಿಗಟಗಳನ್ನೇ ಹಿಡಿದು ನೋಡಿದ. ಮೂವತ್ತು ಚಿಗಟಗಳಲ್ಲಿ ಹದಿನಾಲ್ಕು ಇಲಿಯ ಚಿಗಟಗಳು! ಅಲ್ಲಿಂದ ಗಂಟು ಬಿಚ್ಚಿತು. 1905ರಲ್ಲಿ ಹೊಸ ಸಂಶೋಧನಾ ಆಯೋಗ ಮುಂಬಯಿಯ ಪರೇಲದ ಪ್ರಯೋಗಾಲಯದಲ್ಲಿ ಕೂತು, ಮುಂದಿನ ಎರಡು ಮೂರು ವರ್ಷಗಳಲ್ಲಿ ಇಲಿ, ಚಿಗಟ, ಮನುಷ್ಯ ಎಂಬ ಸರಪಳಿಯನ್ನು ಸಂದೇಹವಿಲ್ಲದಂತೆ ಸ್ಥಾಪಿಸಿತು. ಯುರೋಪಿಯನ್ನರಿಗೆ ಪ್ಲೇಗು ಯಾಕೆ ಕಡಿಮೆ ಎಂಬುದಕ್ಕೂ ಉತ್ತರ ಸಿಕ್ಕಿತು. ಅವರ ರಕ್ತದಲ್ಲಿ ವಿಶೇಷವೇನೂ ಇರಲಿಲ್ಲ. ಅವರ ಬಂಗಲೆಗಳಲ್ಲಿ ಮನುಷ್ಯ ಮಲಗುವ ಕಡೆ ಇಲಿ ಇರಲಿಲ್ಲ, ಅಷ್ಟೆ. ರ್‍ಯಾಂಡ್ ಪುಣೆಗೆ ಬಂದು ಎಂಟು ಹತ್ತು ವರ್ಷ ಕಳೆದಿತ್ತು. 1896ರಿಂದ ಮುಂದಿನ ಕಾಲು ಶತಮಾನದಲ್ಲಿ ಈ ದೇಶದಲ್ಲಿ ಪ್ಲೇಗಿಗೆ ಸತ್ತವರು ಸುಮಾರು ಒಂದು ಕೋಟಿ.

ಹಾಫ್‌ಕಿನ್‌ಗೆ ಮಾತ್ರ ಅಷ್ಟರಲ್ಲಿ ಬೇರೆ ಗತಿಯಾಗಿತ್ತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನಕ್ಕೆ ಚುಚ್ಚುಮದ್ದು ಕೊಟ್ಟಾಗ ಒಂದೇ ಸೀಸೆಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಸೀಸೆ ತೆರೆಯುವಾಗ ಹಳ್ಳಿಯಲ್ಲಿ ಆದ ಅಚಾತುರ್ಯವದು ಎಂದು ಸೂಚಿಸುವ ಪುರಾವೆಯಿದ್ದರೂ ತಪ್ಪನ್ನು ಅವನ ಪ್ರಯೋಗಾಲಯದ ತಲೆಗೆ ಕಟ್ಟಿ ಕೆಲಸದಿಂದ ಅಮಾನತಿನಲ್ಲಿಟ್ಟರು. ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಜಗಳ ತೆಗೆದ ಮೇಲೆ 1907ರಲ್ಲಿ ಅವನು ನಿರ್ದೋಷಿಯೆಂದಾಯಿತು. ಆಗಿನ ಫ್ರಾನ್ಸಿನ ಡ್ರೈಫಸ್ ಪ್ರಕರಣಕ್ಕೆ ಇದನ್ನು ಹೋಲಿಸುವವರಿದ್ದಾರೆ. ಅಲ್ಲಿಯೂ ಇಲ್ಲಿಯೂ ಯಹೂದಿ ಎಂಬುದು ಗುಮಾನಿಗೆ ನೆಪವಾಗಿತ್ತು. ಪರೇಲದ ಆ ಸಂಸ್ಥೆಗೆ 1925ರಲ್ಲಿ ಹಾಫ್‌ಕಿನ್ ಹೆಸರಿಟ್ಟರು.

ಜನರ ಅರಿವೆಂದರೆ ಎಲ್ಲವೂ ಬಂಗಾರವೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮೈಯಿಂದ ಎಣ್ಣೆ ತೆಗೆಯುತ್ತಾರೆಂದು ನಂಬಿದವರೂ ಇದೇ ಜನ. ಚುಚ್ಚುಮದ್ದಿನಿಂದ ಮಕ್ಕಳಾಗುವುದಿಲ್ಲವೆಂದು ಹಬ್ಬಿಸಿದವರೂ ಇವರೇ. ಊರು ಬಿಟ್ಟು ಓಡಿದವರಲ್ಲಿ ಕೆಲವರು ಧಾನ್ಯದ ಮೂಟೆಯೊಡನೆ ರೋಗವನ್ನೂ ನಂಟರ ಊರಿಗೆ ಒಯ್ದರು. ಇನ್ನೂ ಮುಖ್ಯವಾದದ್ದು, ಇಲಿ ಬಿದ್ದರೆ ಮನೆ ಬಿಡಬೇಕೆಂದು ಎಲ್ಲರಿಗೂ ಗೊತ್ತಿತ್ತು, ಬಿಡಲು ಎಲ್ಲರಿಗೂ ಆಗುತ್ತಿರಲಿಲ್ಲ. ಹೊಲ ಇದ್ದವನು ಹೊಲದಲ್ಲಿ ಗುಡಿಸಲು ಹಾಕಿದ. ತುಂಡು ನೆಲವಿಲ್ಲದ ಕೂಲಿ ಯಾರ ಹೊಲದಲ್ಲಿ ಹಾಕಬೇಕು? ಗಿರಣಿಯ ಕೆಲಸದವನು ಚಾಳು ಬಿಟ್ಟು ಎಲ್ಲಿಗೆ ಹೋಗಬೇಕು? ಬಿಟ್ಟ ಮನೆಗಳನ್ನು ಗುಡಿಸಿ ತೊಳೆಯಲು, ಸತ್ತ ಇಲಿ ಹೊರಲು ಒಳಗೆ ಹೋದವರು ಯಾವ ಕೇರಿಯವರೆಂದು ಬೇರೆ ಹೇಳಬೇಕಿಲ್ಲ. ಮುಂಬಯಿಯಲ್ಲಿ 1896ರಲ್ಲಿ ಕಸ ಬಳಿಯುವ ಹಲಾಲ್‌ಖೋರರು ಊರು ಬಿಡುತ್ತಾರೆಂಬ ಸುದ್ದಿ ಹಬ್ಬಿದಾಗ ಸರ್ಕಾರ ಕೂಡಲೇ ಕಟ್ಟುನಿಟ್ಟನ್ನು ಸಡಿಲಿಸಿತು. ಅವರಿಲ್ಲದೆ ಊರು ಒಂದು ವಾರ ಉಳಿಯಲಾರದೆಂದು ಆಗ ಎಲ್ಲರಿಗೂ ಹೊಳೆಯಿತು.

ಇತ್ತೀಚೆಗೆ ಆರೋಗ್ಯ ಸಂಶೋಧನೆಯ ಲೋಕದಲ್ಲಿ ಈ ವಿಷಯ ಚರ್ಚೆಗೆ ಬಂದಿದೆ. ಕೆನಡಾದ ಮೂಲನಿವಾಸಿ ಸಮುದಾಯಗಳು 1998ರಲ್ಲಿ ತಮ್ಮ ಜನರ ಆರೋಗ್ಯ ಸಮೀಕ್ಷೆಯ ಸಂದರ್ಭದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡವು: ನಮ್ಮ ಮೈಯಿಂದ, ನಮ್ಮ ಮನೆಯಿಂದ ತೆಗೆದ ಮಾಹಿತಿ ನಮ್ಮದು, ಅದನ್ನು ಯಾರು ನೋಡಬೇಕು, ಎಲ್ಲಿಡಬೇಕು, ಹೇಗೆ ಬಳಸಬೇಕೆಂಬುದು ನಮ್ಮ ಕೈಯಲ್ಲಿರಬೇಕು. ಬಿಳಿಯ ಸಂಶೋಧಕರು ಬಂದು ರಕ್ತ ತೆಗೆದುಕೊಂಡು ಹೋಗಿ ಮತ್ತೆ ಮುಖ ತೋರಿಸದ ಹಳೆಯ ಕಹಿ ಅದರ ಹಿಂದಿತ್ತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳೂ ಸಮುದಾಯವನ್ನು ಮೊದಲೇ ಮಾತಾಡಿಸಬೇಕು, ಆದಿವಾಸಿಗಳಂಥ ದುರ್ಬಲ ಗುಂಪುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು ಎನ್ನುತ್ತವೆ. ಕಾಗದದ ಮೇಲೆ ಚೆನ್ನಾಗಿದೆ. ಕಾನೂನಿನ ಕಪಾಟಿನಲ್ಲಿ ಮಾತ್ರ 1897ರ ಎರಡು ಪುಟದ ಕಾಯ್ದೆ ಬಹಳ ಕಾಲ ಹಾಗೇ ಇತ್ತು. 2009ರಲ್ಲಿ ಹಂದಿಜ್ವರ ಬಂದಾಗ ಪುಣೆಯಲ್ಲಿ ಅದನ್ನು ಹೊರತೆಗೆದರು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕವೂ ಮಹಾರಾಷ್ಟ್ರವೂ ಅದನ್ನೇ ಹೊರತೆಗೆದವು. ಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದು, ಕೈಗೆ ಮುದ್ರೆ ಒತ್ತಿದ್ದು ನಿಮಗೆ ನೆನಪಿರಬೇಕು.

ಪ್ಲೇಗು ಆಮೇಲೆ ಏನಾಯಿತು? ಮದ್ದುಗಳು ಬಂದವು, ಕೀಟನಾಶಕ ಬಂತು, ರೋಗ ಇಳಿಯಿತು. 1966ರಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಕಂಡುಬಂದದ್ದರ ನಂತರ ಇಪ್ಪತ್ತೆಂಟು ವರ್ಷ ದೇಶದಲ್ಲಿ ಮನುಷ್ಯರಿಗೆ ಪ್ಲೇಗು ಬಂದ ದಾಖಲೆಯಿರಲಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಆ ಸೀಮೆಯ ಕಾಡು ಇಲಿಗಳ ಮೇಲೆ ಬೆಂಗಳೂರಿನ ಪ್ಲೇಗ್ ಘಟಕ ಕಣ್ಣಿಟ್ಟಿತ್ತು. ಪ್ಲೇಗ್ ಕಣ್ಗಾವಲಿನ ಕೈಪಿಡಿಗಳಲ್ಲಿ ಮೊದಲ ಎಚ್ಚರಿಕೆಯ ಗುರುತಿಗೆ ಇಂಗ್ಲಿಷಿನಲ್ಲಿ ಬಳಸುವ ಪಾರಿಭಾಷಿಕ ಪದ 'ರ್‍ಯಾಟ್ ಫಾಲ್'. ಅಕ್ಷರಶಃ ನಮ್ಮ ಅಜ್ಜಿಯರ 'ಇಲಿ ಬಿತ್ತು'.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮಹಾರಾಷ್ಟ್ರದ ಲಾತೂರ್ ಸೀಮೆ ನಡುಗಿತು. ಹತ್ತಿರದ ಬೀಡ್ ಜಿಲ್ಲೆಯ ಜನ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದರು. ಕಾಳುಕಡ್ಡಿ ಒಳಗೇ ಉಳಿಯಿತು, ಇಲಿಗಳು ಹೆಚ್ಚಿದವು ಎಂದು ಆಮೇಲೆ ತಜ್ಞರು ವಿವರಿಸಿದರು. 1994ರ ಆಗಸ್ಟಿನ ಕೊನೆಗೆ ಆ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಜ್ವರ ಬಂದು ಗಂಟು ಎದ್ದ ರೋಗಿಗಳು ಕಂಡರು. ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗಿನ ಸುದ್ದಿ ಎದ್ದು ಲಕ್ಷಾಂತರ ಜನ ರೈಲು ಹತ್ತಿ ಓಡಿದರು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಅದು ಪ್ಲೇಗು ಹೌದೋ ಅಲ್ಲವೋ ಎಂದು ಪಂಡಿತರು ವರ್ಷಗಟ್ಟಲೆ ವಾದಿಸಿದರು.

ಮಾಮ್ಲಾದ ಜನ ಚಿಗಟದ ಕಾಟವೆಂದು ದೂರು ಕೊಟ್ಟಿದ್ದರು. ಆ ಹಳ್ಳಿಯಲ್ಲಿ ಇಲಿ ಬಿದ್ದದ್ದು ಆಗಸ್ಟಿನ ಮೊದಲ ವಾರದಲ್ಲಿ.